ಬೀದಿಗೊಂದು ದೀಪ ಐತಿ, ಬೀದಿಗೊಂದು ವೈಫೈ ಯಾಕಿಲ್ಲ?

ಗೊಟಗೋಡಿಯ ಹಿರಿಯರೇ, ತಾಯಂದಿರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಿತ್ರರೇ,

ಮುಂದಿನ ಗ್ರಾಮಸಭೆಗೆ ಬರ್ರಿ. ಮನೆಗೊಬ್ಬರಾದರೂ ಬರ್ರಿ. ಬರುವಾಗ ಈ ಕರಪತ್ರ ಕೈಯಲ್ಲಿರಲಿ. ಅಲ್ಲಿ ನಾವು ಕೇಳುವುದು ಎರಡೇ ಮಾತು: ಮಂದಿ ಕೂಡುವ ಜಾಗದಲ್ಲಿ ಎಲ್ಲರಿಗೂ ಸಿಗುವ ವೈಫೈ ನಮ್ಮೂರಿಗೆ ಬೇಕು, ಮತ್ತು ಅದನ್ನು ನಡೆಸುವವರು ನಮ್ಮೂರಿನವರೇ ಆಗಿರಬೇಕು. ಈ ಎರಡನೆಯ ಮಾತೇ ಮುಖ್ಯ. ಯಾಕೆಂಬುದನ್ನು ಮುಂದೆ ಹೇಳುತ್ತೇವೆ, ಪೂರ್ತಿ ಓದ್ರಿ.

ಮೊದಲು ಲೆಕ್ಕ ಹಾಕೋಣ. ಒಂದು ಮನೆಯಲ್ಲಿ ಈಗ ಮೂರೋ ನಾಲ್ಕೋ ಫೋನು. ಮಗ ಹುಬ್ಬಳ್ಳಿಯಲ್ಲಿ, ಮಗಳು ಕಾಲೇಜಿನಲ್ಲಿ, ಅಪ್ಪ ಹೊಲದಲ್ಲಿ, ಅವ್ವ ಮನೆಯಲ್ಲಿ. ನಾಲ್ಕಕ್ಕೂ ತಿಂಗಳು ತಿಂಗಳು ರೀಚಾರ್ಜ್. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. ಕೂಲಿ ಅಷ್ಟು ಬೇಗ ಏರಲಿಲ್ಲ. ಹಾಗಾಗಿ ಮನೆಯಲ್ಲಿ ಮೊದಲು ನಿಲ್ಲುವುದು ಅವ್ವನ ಫೋನಿನ ರೀಚಾರ್ಜ್. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ಎಂದು ನೋಡಬೇಕಾದ ಫೋನೂ ಅದೇ.

ಸರ್ಕಾರದ ಕೆಲಸವೆಲ್ಲ ಈಗ ಫೋನಿನೊಳಗೆ ಹೊಕ್ಕಿದೆ. ಬೆಳೆ ಸಮೀಕ್ಷೆ ಫೋನಿನಲ್ಲಿ. ಪಹಣಿ ನೋಡುವುದು ಫೋನಿನಲ್ಲಿ. ವಿದ್ಯಾರ್ಥಿವೇತನದ ಅರ್ಜಿ ಫೋನಿನಲ್ಲಿ. ಪರೀಕ್ಷೆಯ ಫಲಿತಾಂಶ, ಪಡಿತರ ಚೀಟಿಯ ಇ-ಕೆವೈಸಿ, ಬೆಳೆವಿಮೆ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರ, ಎಲ್ಲವೂ ಅದರಲ್ಲೇ. ಕೆಲಸವನ್ನು ಫೋನಿಗೆ ಹಾಕಿದವರು ಫೋನಿಗೆ ದಾರಿ ಹಾಕಿಕೊಡಲಿಲ್ಲ. ದಾರಿಯನ್ನು ನಮ್ಮ ಕಿಸೆಯಿಂದ ಕೊಂಡುಕೊಳ್ಳಿರಿ ಅಂದರು. ಮನೆಯೊಳಗೆ ಒಂದು ಕಡ್ಡಿ, ಮಾಳಿಗೆ ಮೇಲೆ ಹತ್ತಿದರೆ ಮೂರು ಕಡ್ಡಿ. ಆ ದಾರಿಯ ಅವಸ್ಥೆ ಅಷ್ಟು.

ಅದರಲ್ಲೂ ನಮ್ಮೂರು ಬೇರೆ ಹಳ್ಳಿಗಳ ಹಾಗಲ್ಲ. ಪುಣೆ-ಬೆಂಗಳೂರು ಹೆದ್ದಾರಿ ನಮ್ಮ ಮಗ್ಗುಲಲ್ಲೇ ಹಾದು ಹೋಗುತ್ತದೆ. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಲು ಸಾಲಿ ಮಕ್ಕಳು ಬಸ್ಸುಗಟ್ಟಲೆ ಬರುತ್ತಾರೆ. ಸಿಮೆಂಟಿನ ಎತ್ತು, ಸಿಮೆಂಟಿನ ರೈತ, ಬೀಸುಕಲ್ಲಿನ ಮುಂದೆ ಕೂತ ಸಿಮೆಂಟಿನ ಅವ್ವ, ಎಲ್ಲರ ಜತೆಗೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊ ಮನೆಗೆ ಕಳಿಸಲು ನೆಟ್ ಹುಡುಕುತ್ತಾರೆ. ಇನ್ನು 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯ ಇರುವುದು ನಮ್ಮೂರಲ್ಲಿ. ನಾಡಿನ ಮೂಲೆಮೂಲೆಯಿಂದ ಬಂದ ಹುಡುಗ-ಹುಡುಗಿಯರು ಇಲ್ಲಿ ಡೊಳ್ಳಿನ ಪದ, ಸೋಬಾನೆ, ಲಾವಣಿ, ದೊಡ್ಡಾಟ ಅಂತ ಊರೂರು ತಿರುಗಿ ಧ್ವನಿ ಮುದ್ರಿಸಿಕೊಂಡು ಬರುತ್ತಾರೆ. ಒಬ್ಬ ಅಜ್ಜಿ ಒಂದು ತಾಸು ಹಾಡಿದ್ದನ್ನು ಒತ್ತಿ ಕುಗ್ಗಿಸದೆ ಒಳ್ಳೆಯ ಗುಣಮಟ್ಟದಲ್ಲಿ ಇಟ್ಟುಕೊಂಡರೆ ಅದು ಸುಮಾರು 600 ಎಂಬಿ ಆಗುತ್ತದೆ. ದಿನಕ್ಕೆ ಒಂದೋ ಒಂದೂವರೆಯೋ ಜಿಬಿ ಸಿಗುವ ರೀಚಾರ್ಜಿನಲ್ಲಿ ಅಂಥವನ್ನು ಎಷ್ಟು ಕಳಿಸಿಯಾರು? ವಿಶ್ವವಿದ್ಯಾಲಯದ ಒಳಗಿನ ಸಂಪರ್ಕ ವಿಶ್ವವಿದ್ಯಾಲಯಕ್ಕೆ. ಕಾಂಪೌಂಡಿನ ಹೊರಗೆ, ಬಾಡಿಗೆ ಕೋಣೆಯಲ್ಲಿ, ಬಸ್ಸಿಗೆ ಕಾಯುವಲ್ಲಿ ಇರುವವರಿಗೆ ಊರಿನ ವೈಫೈಯೇ ಬೇಕು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಕಸುಬಿನ ಇಷ್ಟು ಮಂದಿಗೆ ಒಂದೇ ಬೇಡಿಕೆ ಇರುವ ಊರು ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಇದ್ದರೆ ತೋರಿಸ್ರಿ.

ಪುಕ್ಕಟೆ ಬಂದದ್ದು ಎಲ್ಲಿ ಹೋಯಿತು?

"ಸರ್ಕಾರ ಫ್ರೀ ವೈಫೈ ಕೊಡತೈತಿ, ಸ್ವಲ್ಪ ತಡೀರಿ" ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಥೆ ಹೇಳ್ರಿ.

2014ರ ಜನವರಿ 24ರಂದು ಬೆಂಗಳೂರಿನಲ್ಲಿ 'ನಮ್ಮ ವೈಫೈ' ಶುರುವಾಯಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಯಶವಂತಪುರ, ಶಾಂತಿನಗರದಂಥ ಕಡೆ ದಿನಕ್ಕೆ 50 ಎಂಬಿ ಉಚಿತ. ದೇಶದಲ್ಲೇ ಮೊದಲು ಎಂದು ಪತ್ರಿಕೆಗಳು ಬರೆದವು. ಖರ್ಚು ಹೊತ್ತದ್ದು ಒಂದು ಖಾಸಗಿ ಕಂಪನಿ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ನಿಂತದ್ದು ಬಹಳ ಮಂದಿಗೆ ಗೊತ್ತಾಗಲೂ ಇಲ್ಲ, ಯಾಕೆಂದರೆ ಅದು ನಿಂತಾಗ ಹೋಗಿ ಕೇಳಲು ಯಾರ ಬಾಗಿಲೂ ಇರಲಿಲ್ಲ. 2016ರ ಜನವರಿಯಲ್ಲಿ ಗೂಗಲ್ ಕಂಪನಿ ರೈಲ್‌ಟೆಲ್ ಜತೆ ಸೇರಿ ಮುಂಬಯಿ ಸೆಂಟ್ರಲ್‌ನಿಂದ ಆರಂಭಿಸಿ 400ಕ್ಕೂ ಹೆಚ್ಚು ರೈಲು ನಿಲ್ದಾಣಗಳಿಗೆ ವೈಫೈ ಕೊಟ್ಟಿತು. 2020ರಲ್ಲಿ ಈ ಯೋಜನೆಯನ್ನೇ ಮುಚ್ಚುವುದಾಗಿ ಹೇಳಿತು. ಆದರೆ ನಿಲ್ದಾಣದ ವೈಫೈ ಸಾಯಲಿಲ್ಲ. ಕಾರಣ, ಅದರ ಕೇಬಲ್ಲು ರೈಲ್‌ಟೆಲ್‌ನದು. ನಡೆಸುವ ಹೊಣೆಯೂ ಅದರದೇ. ಇವತ್ತಿಗೂ ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ 'ರೈಲ್‌ವೈರ್' ಎಂಬ ಹೆಸರಿನಲ್ಲಿ ಅದು ಇದೆ. ದಿನದ ಮೊದಲ ಅರ್ಧ ತಾಸು ಪುಕ್ಕಟೆ, ಆಮೇಲೆ ಬೇಕಾದವರು ಸಣ್ಣ ಮೊತ್ತ ಕೊಟ್ಟು ಬಳಸಬಹುದು. ಹುಬ್ಬಳ್ಳಿ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಒಮ್ಮೆ ನೋಡ್ರಿ.

ಗಡಿಯಾಚೆ ಕಾಸರಗೋಡಿನ ಕನ್ನಡಿಗರನ್ನು ಕೇಳಿದರೆ ಅವರು ಕೇರಳದ 'ಕೆ-ಫೈ' ಬಗ್ಗೆ ಹೇಳುತ್ತಾರೆ. ಬಸ್ ನಿಲ್ದಾಣ, ಸರ್ಕಾರಿ ಕಚೇರಿಯಂಥ ಕಡೆ ಅಲ್ಲಿನ ಸರ್ಕಾರ ದಿನಕ್ಕೆ 1 ಜಿಬಿ ಉಚಿತ ಕೊಡುತ್ತದೆ. 2023ರ ಜೂನ್ 5ರಂದು ಕೆ-ಫೋನ್ ಎಂಬ ತನ್ನದೇ ಕೇಬಲ್ ಜಾಲವನ್ನೂ ಆ ರಾಜ್ಯ ಉದ್ಘಾಟಿಸಿತು. ಅಲ್ಲಿ ಸರ್ಕಾರವೇ ಯಜಮಾನ. ನಮ್ಮಲ್ಲಿ ಸರ್ಕಾರ ಹಾಗೆ ಮುಂದೆ ಬರುವವರೆಗೆ ಕಟ್ಟೆ ಮೇಲೆ ಕೂತು ಕಾಯುವುದೇ? ಯಜಮಾನ ಇದ್ದಲ್ಲಿ ವೈಫೈ ಉಳಿಯಿತು, ಇಲ್ಲದಲ್ಲಿ ಕಂಬ ಮಾತ್ರ ಉಳಿಯಿತು. ನಮ್ಮ ಅಭಿಪ್ರಾಯ ಇಷ್ಟೇ: ಗೊಟಗೋಡಿಗೆ ಪುಕ್ಕಟೆ ಬೇಕೆಂಬ ಹಟ ಬೇಡ, ಹತ್ತು ರೂಪಾಯಿ ಕೊಟ್ಟರೂ ಸರಿ, ಕೆಟ್ಟಾಗ ಹೋಗಿ "ಏನಾತೋ ತಮ್ಮಾ?" ಎಂದು ಕೇಳಲು ಒಬ್ಬ ಮನುಷ್ಯ ಊರಲ್ಲಿರಲಿ.

ಪಿಎಂ-ವಾಣಿ ಎಂಬ ದಾರಿ

ಅಂಥ ಮನುಷ್ಯನಿಗೆ ಕಾನೂನಿನಲ್ಲಿ ಜಾಗ ಆಗಲೇ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ 'ಪಿಎಂ-ವಾಣಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರ ಪ್ರಕಾರ ಕಿರಾಣಿ ಅಂಗಡಿ, ಚಹಾದಂಗಡಿ, ಝೆರಾಕ್ಸ್ ಅಂಗಡಿ, ಮಹಿಳಾ ಸಂಘ, ಯಾರು ಬೇಕಾದರೂ ತಮ್ಮಲ್ಲಿ ವೈಫೈ ಪೆಟ್ಟಿಗೆ ಇಟ್ಟು ಜನರಿಗೆ ಇಂಟರ್‌ನೆಟ್ ಮಾರಬಹುದು. ಲೈಸೆನ್ಸ್ ಬೇಡ. ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಬೇಡ. ಇಲಾಖೆಗೆ ಶುಲ್ಕವೂ ಇಲ್ಲ. ಇಂಥ ಅಂಗಡಿಗೆ ಕಡತದಲ್ಲಿ 'ಪಿಡಿಒ' ಎನ್ನುತ್ತಾರೆ, ಅಂದರೆ ಸಾರ್ವಜನಿಕ ಡೇಟಾ ಕಚೇರಿ. ಪಂಚಾಯತಿಯ ಪಿಡಿಒ ಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ. ಗ್ರಾಮಸಭೆಯಲ್ಲಿ ಗೊಂದಲ ಆದೀತು, ಅದಕ್ಕೇ ಮೊದಲೇ ಹೇಳಿದೆವು. ನಾವು 'ವೈಫೈ ಅಂಗಡಿ' ಎಂದೇ ಕರೆಯೋಣ.

ನಲವತ್ತು ದಾಟಿದವರಿಗೆ ಎಸ್‌ಟಿಡಿ ಬೂತು ನೆನಪಿರುತ್ತದೆ. ಹಳದಿ ಬೋರ್ಡು, ಗಾಜಿನ ಗೂಡು, ಮೀಟರ್ ಓಡುವ ಕೆಂಪು ಅಂಕಿ. ಊರಿಗೆಲ್ಲ ಒಂದೇ ಫೋನು ಇದ್ದಾಗ ಬೂತಿನವನೇ ನಮ್ಮ ಸುದ್ದಿ ಮುಟ್ಟಿಸಿದ. ಅದರ ಹಿಂದಿದ್ದದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ. ದೂಳು, ಬಿಸಿಲು ತಡೆಯುವ, ಎ.ಸಿ. ಬೇಡದ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜನ್ನು ಅವರು ಮಾಡಿದರು. ಅದನ್ನು ಮೊದಲು ಹಾಕಿದ್ದು ದಿಲ್ಲಿಯಲ್ಲಲ್ಲ, ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಪಿಎಂ-ವಾಣಿಯ ಕೇಂದ್ರ ನೋಂದಣಿ ಪುಸ್ತಕವನ್ನು ನೋಡಿಕೊಳ್ಳುವುದೂ ಅದೇ ಸಿ-ಡಾಟ್. ಚೆನ್ನಮ್ಮನ ಊರಿನಿಂದ ಹೊರಟದ್ದು ಕನಕದಾಸರ ತಾಲ್ಲೂಕಿಗೆ ಬರಲು ಇಷ್ಟು ವರ್ಷ ಬೇಕೇ?

ಹಾಗಾದರೆ ಇಷ್ಟು ದಿನ ಯಾಕೆ ಊರೂರಿಗೆ ಬರಲಿಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. 2018ರ ರಾಷ್ಟ್ರೀಯ ನೀತಿಯಲ್ಲಿ 2022ರ ಹೊತ್ತಿಗೆ ಒಂದು ಕೋಟಿ ಸಾರ್ವಜನಿಕ ವೈಫೈ ತಾಣ ಎಂದು ಬರೆದಿದ್ದರು. 2024ರ ಕೊನೆಗೆ ಪಿಎಂ-ವಾಣಿಯಲ್ಲಿ ಇದ್ದದ್ದು ಎರಡೂವರೆ ಲಕ್ಷದ ಆಸುಪಾಸು. ಮುಖ್ಯ ಅಡ್ಡಿ ದುಡ್ಡಿನದು. ಮನೆಗೆ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಕೊಡುವ ಫೈಬರ್ ಸಂಪರ್ಕವನ್ನು, ವೈಫೈ ಮಾರುವ ಅಂಗಡಿಗೆ ಕೊಡಲು ಕಂಪನಿಗಳು ಒಪ್ಪುತ್ತಿರಲಿಲ್ಲ. ಅದರ ಹತ್ತಾರು ಪಟ್ಟು ಬೆಲೆಯ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎನ್ನುತ್ತಿದ್ದವು. ಬೀಡಿ, ಬಿಸ್ಕಿಟ್ ಮಾರಿ ಬದುಕುವ ಅಂಗಡಿ ಅದನ್ನು ಹೇಗೆ ಕಟ್ಟೀತು? 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ಗಂಟನ್ನು ಬಿಚ್ಚಿತು. 200 ಎಂಬಿಪಿಎಸ್ ವೇಗದವರೆಗಿನ ಸಂಪರ್ಕಕ್ಕೆ, ಅದೇ ವೇಗದ ಮನೆ ಫೈಬರ್ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಆದೇಶ ಮಾಡಿತು. ಅಂಗಡಿಕಾರ ಅಣ್ಣಂದಿರು ಈ ಸಾಲಿನ ಕೆಳಗೆ ಗೆರೆ ಎಳೆದಿಟ್ಟುಕೊಳ್ರಿ. ಕೇಬಲ್ ಕಂಪನಿಯ ಹುಡುಗ ಬಂದು ಬೇರೆ ದರ ಹೇಳಿದರೆ "2025ರ ಜೂನ್‌ನ ಟ್ರಾಯ್ ಆದೇಶ ನೋಡೇನಿ" ಅನ್ರಿ.

ಅಂಗಡಿಕಾರರಿಗೆ ನಾಲ್ಕು ಮಾತು

ವೈಫೈ ಅಂಗಡಿ ಹಾಕುವವರು ಮೂರು ಕಡೆ ಒಪ್ಪಂದ ಮಾಡಬೇಕಿಲ್ಲ. ಇಂಟರ್‌ನೆಟ್ ಸಂಪರ್ಕದ ಜತೆಗೆ 'ಪಿಡಿಒಎ' ಎಂಬ ಸಗಟು ಸಂಸ್ಥೆ ಒಂದನ್ನು ಆರಿಸಿಕೊಂಡರೆ ಸಾಕು. ಗಿರಾಕಿಗೆ ಅನುಮತಿ ಕೊಡುವುದು, ಲೆಕ್ಕಪತ್ರ, ಡೇಟಾ ಮುಗಿದಾಗ ನಿಲ್ಲಿಸುವುದು, ಎಲ್ಲವೂ ಅವರ ಕೆಲಸ. ಯಾವ ಯಾವ ಸಂಸ್ಥೆಗಳಿವೆ ಎಂಬ ಪಟ್ಟಿ ಪಿಎಂ-ವಾಣಿಯ ಸರ್ಕಾರಿ ಜಾಲತಾಣದಲ್ಲಿದೆ. ಪಟ್ಟಿಯಲ್ಲಿ ಇಲ್ಲದ ಕಂಪನಿಯ ಏಜೆಂಟ್ ಬಂದು "ಮೊದಲು ಡಿಪಾಸಿಟ್ ಕಟ್ರಿ" ಎಂದರೆ ಬಾಗಿಲು ತೋರಿಸ್ರಿ. ನಿಮ್ಮ ಪಾಲು ಎಷ್ಟು, ಪೆಟ್ಟಿಗೆ ಕೆಟ್ಟರೆ ಯಾರು ಬದಲಿಸುತ್ತಾರೆ, ಗಿರಾಕಿಯ ಫೋನಿನಲ್ಲಿ ಕಾಣುವ ಪುಟ ಕನ್ನಡದಲ್ಲಿದೆಯೇ, ಈ ಮೂರನ್ನು ಬರವಣಿಗೆಯಲ್ಲಿ ತೆಗೆದುಕೊಳ್ರಿ. ಕನ್ನಡದ ಮಾತನ್ನು ನಾವು ಅಭಿಮಾನಕ್ಕೆ ಹೇಳುತ್ತಿಲ್ಲ. ಇಂಗ್ಲಿಷ್ ಪುಟ ನೋಡಿ ಹೆದರಿ ಹೋದ ಗಿರಾಕಿ ನಾಳೆ ಬರುವುದಿಲ್ಲ.

ಲಾಭ ಎಷ್ಟು? ಅದಕ್ಕಿಂತ ಮೊದಲು ಹಂಚಿಕೆ ತಿಳಿಯಿರಿ. 100 ಎಂಬಿಪಿಎಸ್ ಸಂಪರ್ಕ ಒಂದಿದೆ ಅಂದುಕೊಳ್ಳಿ. ಸಾಧಾರಣ ಗುಣಮಟ್ಟದ ವಿಡಿಯೊಗೆ ಒಬ್ಬರಿಗೆ 3-4 ಎಂಬಿಪಿಎಸ್ ಬೇಕು. ಏಕಕಾಲಕ್ಕೆ ಇಪ್ಪತ್ತೈದು ಮಂದಿ ವಿಡಿಯೊ ನೋಡಿದರೂ ನಡೆಯುತ್ತದೆ. ಅರ್ಜಿ ತುಂಬುವವರು, ದುಡ್ಡು ಕಳಿಸುವವರು, ವಾಟ್ಸಾಪ್ ಮಾತಿನವರು ಆದರೆ ಇದರ ಎಷ್ಟೋ ಪಟ್ಟು ಮಂದಿ. ಎರಡು ರೂಪಾಯಿಯಿಂದ ಇಪ್ಪತ್ತು ರೂಪಾಯಿವರೆಗಿನ ಸಣ್ಣ ಪೊಟ್ಟಣಗಳನ್ನು ಮಾರಲೆಂದೇ ಈ ಯೋಜನೆ ಹುಟ್ಟಿದ್ದು. ಇದರಿಂದ ಬಂಗ್ಲೆ ಕಟ್ಟಲು ಆಗದು, ಹಾಗೆ ಹೇಳಿ ಯಾರನ್ನೂ ಎಳೆಯುವ ಆಸೆ ನಮಗಿಲ್ಲ. ಆದರೆ ನೆಟ್ಟಿಗೆ ಬಂದವನು ಚಹಾ ಕುಡಿಯದೆ ಹೋಗುವುದಿಲ್ಲ.

ಪೆಟ್ಟಿಗೆಯನ್ನು ಅಂಗಡಿಯ ಒಳಗೆ, ಸಕ್ಕರೆ ಚೀಲದ ಹಿಂದೆ ಇಡಬೇಡ್ರಿ. ವೈಫೈ ಅಲೆಗೆ ದಪ್ಪ ಮಣ್ಣಿನ ಗೋಡೆ, ತಗಡು, ನೀರಿನ ಟಾಕಿ, ಮೂರೂ ಶತ್ರುಗಳು. ಸೂರಿನ ಕೆಳಗೆ, ಬೀದಿಗೆ ಮುಖ ಮಾಡಿ, ಎರಡಾಳು ಎತ್ತರದಲ್ಲಿ ಇಟ್ಟರೆ ಬಯಲಿನಲ್ಲಿ ಸುಮಾರು ನೂರು ಮೀಟರಿನವರೆಗೂ ಸಿಕ್ಕೀತು. ಪೆಟ್ಟಿಗೆಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಇರುತ್ತವೆ: ಮೊದಲನೆಯದು ದೂರ ಹೋಗುತ್ತದೆ, ಎರಡನೆಯದು ಹತ್ತಿರದಲ್ಲಿ ಜೋರು. ಎರಡೂ ಚಾಲೂ ಇರಲಿ. ಕರೆಂಟ್ ಹೋದಾಗ ನಡೆಯಲು ಒಂದು ಸಣ್ಣ ರೂಟರ್ ಯುಪಿಎಸ್ ಇಡ್ರಿ, ಸಂಜೆ ಕರೆಂಟ್ ಹೋಗುವ ಹೊತ್ತಿಗೇ ಮಂದಿ ಬರುವುದು. ಮುಂಗಾರಿನ ಸಿಡಿಲಿಗೆ ಅರ್ಥಿಂಗ್ ಮರೆಯಬೇಡ್ರಿ.

ಎಲ್ಲಿ ಹಾಕಬೇಕು?

ಈ ಪ್ರಶ್ನೆಗೆ ಗಂಡಸರು ಮಾತ್ರ ಉತ್ತರ ಕೊಟ್ಟರೆ ಅದು ಬಸ್ ನಿಲ್ದಾಣ ಮತ್ತು ಚಹಾದಂಗಡಿ ಎಂದೇ ಬರುತ್ತದೆ. ಸಂಜೆ ಏಳಕ್ಕೆ ಚಹಾದಂಗಡಿಯ ಮುಂದೆ ಫೋನು ಹಿಡಿದು ಅರ್ಧ ತಾಸು ಕೂಡಲು ನಮ್ಮೂರ ಹೆಣ್ಣುಮಗಳಿಗೆ ಆಗುತ್ತದೆಯೇ? ಆಗಬೇಕು ಎಂಬುದು ಬೇರೆ ಮಾತು, ಇವತ್ತು ಆಗುವುದಿಲ್ಲ. ಅದಕ್ಕಾಗಿ ಅಂಗನವಾಡಿ, ಸಾಲಿ, ಗ್ರಂಥಾಲಯ ಇರುವ ಕಡೆಗೂ ವೈಫೈ ಬೇಕು. ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರೇ ಒಂದು ವೈಫೈ ಅಂಗಡಿ ನಡೆಸಿದರೆ ಇನ್ನೂ ಒಳ್ಳೆಯದು. ಸಂಘದ ವಾರದ ಸಭೆ ನಡೆಯುವ ಮನೆಯ ಜಗಲಿಯೇ ಆಗಲಿ. ಅಲ್ಲಿ ಯಾರ ಕಣ್ಣಿಗೂ ಹೆದರಬೇಕಿಲ್ಲ.

ಗ್ರಂಥಾಲಯದ ವಿಷಯದಲ್ಲಿ ಮಾತ್ರ ನಾವು ಹತ್ತು ರೂಪಾಯಿಯ ಮಾತು ಆಡುವುದಿಲ್ಲ. ರಾಜ್ಯದ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಅಲ್ಲಿ ಮಕ್ಕಳಿಗೆ ಪುಸ್ತಕ ಪುಕ್ಕಟೆ, ಹಾಗಿದ್ದ ಮೇಲೆ ವೈಫೈಯೂ ಪುಕ್ಕಟೆ ಇರಲಿ, ಬಿಲ್ಲನ್ನು ಪಂಚಾಯತಿ ಕಟ್ಟಲಿ. 2019ರ ಸೆಪ್ಟೆಂಬರ್‌ನಲ್ಲಿ ಫಹೀಮಾ ಶಿರಿನ್ ಎಂಬ ಕಾಲೇಜು ಹುಡುಗಿಯ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತು. ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನು ಬಳಸಬಾರದು ಎಂಬ ನಿಯಮವನ್ನು ಆಕೆ ಪ್ರಶ್ನಿಸಿದ್ದಳು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಪಂಚಾಯತಿಯವರು "ಇದೆಲ್ಲಾ ನಮ್ಮ ಕೆಲಸ ಅಲ್ಲ" ಎಂದರೆ ಈ ಎರಡು ತೀರ್ಪುಗಳನ್ನು ನೆನಪಿಸ್ರಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಹಳ್ಳಿ ಹಳ್ಳಿಗೆ ಫೈಬರ್ ಕೇಬಲ್ ಎಳೆಯುವ ಯೋಜನೆ 2011ರಲ್ಲಿ ಮಂಜೂರಾಗಿ, ಆಮೇಲೆ 'ಭಾರತ್‌ನೆಟ್' ಎಂದು ಹೆಸರು ಪಡೆಯಿತು. ಮೊದಲ ಹಂತದಲ್ಲೇ ಕರ್ನಾಟಕ ಸೇರಿತ್ತು, 2017ರ ಡಿಸೆಂಬರ್‌ಗೆ ದೇಶದ ಒಂದು ಲಕ್ಷ ಪಂಚಾಯತಿ ಮುಟ್ಟಿದೆವು ಎಂದು ಕೇಂದ್ರ ಹೇಳಿತು. ನಮ್ಮ ಪಂಚಾಯತಿ ಕಚೇರಿಯ ಗೋಡೆಗೆ ಆ ಕೇಬಲ್ಲಿನ ಪೆಟ್ಟಿಗೆ ಇದೆಯೇ? ಇದ್ದರೆ ಅದರ ಹಸಿರು ದೀಪ ಉರಿಯುತ್ತಿದೆಯೇ? ದೀಪ ಉರಿಯದಿದ್ದರೆ ಯಾವ ದಿನದಿಂದ, ದೂರು ಕೊಟ್ಟಿದ್ದಾರೆಯೇ? ಬಾಯಿಮಾತಿನ ಉತ್ತರ ಬೇಡ. ಬರವಣಿಗೆಯಲ್ಲಿ ಉತ್ತರ ಬರಲಿಲ್ಲವೆಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ಫೋನಿಗೆ ಸೇರಿಸುವುದು ಹೇಗೆ?

ಇದನ್ನು ಮಕ್ಕಳಿಗೆ ಹೇಳಬೇಕಿಲ್ಲ. ಹಿರಿಯರು ನಿಧಾನಕ್ಕೆ ಓದ್ರಿ.

ಪಿಎಂ-ವಾಣಿ ಆದರೆ ಫೋನಿನ ಪ್ಲೇ ಸ್ಟೋರಿನಿಂದ ಅದಕ್ಕೆ ನೋಂದಾಯಿತವಾದ ಒಂದು ಆ್ಯಪ್ ಇಳಿಸಿಕೊಳ್ಳಬೇಕು. ಮೊಬೈಲ್ ನಂಬರ್ ಹಾಕಿದರೆ ಒಂದು ಓಟಿಪಿ ಬರುತ್ತದೆ, ಅದನ್ನು ಒತ್ತಿದರೆ ನಿಮ್ಮ ಗುರುತು ಆಯಿತು. ಇದು ಒಂದೇ ಸಲದ ಕೆಲಸ. ಆಮೇಲೆ ಹತ್ತಿರದಲ್ಲಿ ಯಾವ ವೈಫೈ ಅಂಗಡಿ ಇದೆ ಎಂದು ಆ್ಯಪ್ ತೋರಿಸುತ್ತದೆ, ಆರಿಸಿಕೊಂಡು, ಪೊಟ್ಟಣ ಕೊಂಡು, ಬಳಸಬಹುದು. ರೈಲು ನಿಲ್ದಾಣದಂಥ ಕಡೆ ಆ್ಯಪ್ ಬೇಡ: ಫೋನಿನ ವೈಫೈ ಪಟ್ಟಿಯಲ್ಲಿ ಹೆಸರು ಒತ್ತಿದರೆ ಒಂದು ಪುಟ ತಾನಾಗಿ ತೆರೆಯುತ್ತದೆ, ಅಲ್ಲಿ ನಂಬರ್, ಓಟಿಪಿ ಹಾಕಬೇಕು.

ಈ ಓಟಿಪಿ ಕಾಟ ಯಾಕೆ ಎಂದು ಬೇಸರಪಡಬೇಡ್ರಿ. 2008ರ ಜುಲೈನಲ್ಲಿ ಅಹಮದಾಬಾದಿನ ಬಾಂಬ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇ-ಮೇಲ್, ನವಿ ಮುಂಬಯಿಯಲ್ಲಿ ಯಾರದೋ ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಮನೆಯವನಿಗೆ ಏನೂ ಗೊತ್ತಿರಲಿಲ್ಲ, ತನಿಖೆ ಮಾತ್ರ ಅವನ ಬಾಗಿಲಿಗೇ ಬಂತು. ಅದರ ಮರುವರ್ಷವೇ, ವೈಫೈ ಬಳಸುವವರ ಗುರುತು ಖಚಿತ ಮಾಡಿಕೊಳ್ಳಬೇಕು ಎಂದು ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸಿತು. ಅಂದಮೇಲೆ ನಿಮ್ಮ ನಂಬರಿಗೆ ಬಂದ ಓಟಿಪಿಯನ್ನು ಪಕ್ಕದಲ್ಲಿ ನಿಂತ ಅಪರಿಚಿತನಿಗೆ ಕೊಟ್ಟರೆ ಅವನು ಮಾಡಿದ್ದೆಲ್ಲ ನಿಮ್ಮ ಹೆಸರಿಗೆ ಬರುತ್ತದೆ.

ಸಿಕ್ಕಿಹಾಕಿಕೊಳ್ಳುವ ಜಾಗಗಳು ಕೆಲವು ಇವೆ. ಓಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ, ಅದಕ್ಕೆ ಸಿಮ್ಮಿನ ಸಿಗ್ನಲ್ ಬೇಕು. ಸಿಗ್ನಲ್ ಇರುವ ಕಡೆ ಆ್ಯಪ್ ನೋಂದಣಿ ಮುಗಿಸಿಕೊಂಡೇ ಬರ್ರಿ. ಹೆಸರು ಒತ್ತಿದರೂ ಪುಟ ತೆರೆಯದಿದ್ದರೆ ಮೊಬೈಲ್ ಡೇಟಾ ಬಂದ್ ಮಾಡಿ ನೋಡ್ರಿ, ಬಹಳ ಸಲ ಅದೇ ಅಡ್ಡಿ. ವಿಪಿಎನ್ ಇದ್ದರೆ ಅದನ್ನೂ, ಸೆಟ್ಟಿಂಗಿನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಹಾಕಿದ್ದರೆ ಅದನ್ನೂ ಸ್ವಲ್ಪ ಹೊತ್ತು ತೆಗೀರಿ. ಇಷ್ಟಾದರೂ ಆಗದಿದ್ದರೆ ಆ ಹೆಸರನ್ನು 'ಫರ್ಗೆಟ್' ಮಾಡಿ ಮತ್ತೆ ಮೊದಲಿನಿಂದ. ಐದು ಕಡ್ಡಿ ಕಂಡರೂ ನೆಟ್ ಓಡದಿದ್ದರೆ ತಪ್ಪು ಬಹಳ ಸಲ ನಿಮ್ಮ ಫೋನಿನದಲ್ಲ, ಪೆಟ್ಟಿಗೆಯ ಹಿಂದಿನ ಕೇಬಲ್ಲಿನದು. ಆಗಲೇ ಹೇಳಿದೆವಲ್ಲ, ಕೇಳಲು ಊರಲ್ಲಿ ಒಬ್ಬ ಇರಬೇಕು ಎಂದು!

ರೈತಣ್ಣಂದಿರಿಗೆ ಒಂದು ಉಪಾಯ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಊರಿನ ಮಾಹಿತಿಯನ್ನು ಬೆಳಿಗ್ಗೆ ವೈಫೈ ಅಂಗಡಿಯಲ್ಲಿ ಇಳಿಸಿಕೊಂಡು ಹೋಗ್ರಿ. ಹೊಲದಲ್ಲಿ ನೆಟ್ ಇಲ್ಲದಿದ್ದರೂ ಹತ್ತಿ, ಶೇಂಗಾ, ಗೋವಿನಜೋಳದ ಫೋಟೊ ತೆಗೆದಿಟ್ಟುಕೊಳ್ಳಬಹುದು. ಸಂಜೆ ಮರಳಿ ಬಂದು ಮೇಲಕ್ಕೆ ಕಳಿಸಿದರಾಯಿತು.

ಹೆದರಬೇಕಾದದ್ದಕ್ಕೆ ಹೆದರ್ರಿ

"ಸಾರ್ವಜನಿಕ ವೈಫೈ ಮುಟ್ಟಿದರೆ ಬ್ಯಾಂಕ್ ಖಾತೆ ಖಾಲಿ" ಎಂಬ ಸುದ್ದಿ ವಾಟ್ಸಾಪಿನಲ್ಲಿ ತಿರುಗುತ್ತದೆ. ಅದು ಅರ್ಧ ಸುಳ್ಳು. ಇವತ್ತಿನ ಬ್ಯಾಂಕ್ ಆ್ಯಪ್‌ಗಳೂ ಬಹುಪಾಲು ಜಾಲತಾಣಗಳೂ ಮಾಹಿತಿಯನ್ನು ಬೀಗ ಹಾಕಿಯೇ ಕಳಿಸುತ್ತವೆ. ವೈಫೈ ಅಂಗಡಿಯವನಿಗೆ ನಿಮ್ಮ ಪಾಸ್‌ವರ್ಡೂ ಕಾಣದು, ನೀವು ಮಗಳಿಗೆ ಬರೆದ ಮಾತೂ ಕಾಣದು. ಹಾಗಂತ ದೊಡ್ಡ ಮೊತ್ತದ ವ್ಯವಹಾರವನ್ನು ಸಂತೆಯಲ್ಲಿ ನಿಂತು ಮಾಡಬೇಕೆಂದಿಲ್ಲ; ಅದಕ್ಕೆ ನಿಮ್ಮದೇ ಸಿಮ್ಮಿನ ಡೇಟಾ ಇರಲಿ.

ಉಳಿದರ್ಧ ನಿಜ. ಕಳ್ಳರು ವೈಫೈ ಅಂಗಡಿಯ ಹೆಸರನ್ನು ಹೋಲುವ ಸುಳ್ಳು ವೈಫೈ ಹಚ್ಚಬಹುದು. ಅದಕ್ಕಾಗಿ ಪ್ರತಿ ವೈಫೈ ಅಂಗಡಿಯ ಮುಂದೆ ಅದರ ಸರಿಯಾದ ಹೆಸರಿನ ಬೋರ್ಡು ಇರಬೇಕು, ಬೋರ್ಡಿನಲ್ಲಿ ಇಲ್ಲದ 'ಫ್ರೀ' ಹೆಸರನ್ನು ಮುಟ್ಟಬಾರದು. ವೈಫೈಗೆ ಸೇರಲು ಎಟಿಎಂ ಪಿನ್, ಆಧಾರ್ ಫೋಟೊ ಕೇಳುವ ಪುಟ ಕಳ್ಳರದು. ಯುಪಿಐ ಪಿನ್ ಬೇಕಾಗುವುದು ನೀವಾಗಿಯೇ ಪೊಟ್ಟಣ ಕೊಂಡು ದುಡ್ಡು ಕೊಡುವಾಗ, ಅದೂ ನಿಮ್ಮದೇ ಯುಪಿಐ ಆ್ಯಪ್ ಒಳಗೆ ಮಾತ್ರ. ದುಡ್ಡು ನಿಮಗೆ ಬರಲು ಪಿನ್ ಬೇಕೇ ಇಲ್ಲ.

ನಿಜವಾಗಿ ಹಳ್ಳಿಗಳನ್ನು ಸುಲಿಯುತ್ತಿರುವುದು ವೈಫೈ ಅಲ್ಲ, ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಕಡತ. ಪಿಎಂ ಕಿಸಾನ್ ಎಂದು ಬರುತ್ತದೆ, ಗಾಡಿಯ ದಂಡದ ಚಲನ್ ಎಂದು ಬರುತ್ತದೆ, ಮದುವೆ ಕರೆಯೋಲೆ ಎಂದೂ ಬರುತ್ತದೆ. ಒತ್ತಿದರೆ ಫೋನಿನೊಳಗಿನ ಎಸ್‌ಎಂಎಸ್ ಎಲ್ಲ ಕಳ್ಳನ ಕೈಗೆ. ಪರಿಚಯದವರ ನಂಬರಿನಿಂದ ಬಂದರೂ ಒತ್ತಬೇಡ್ರಿ, ಅವರ ಫೋನು ಮೊದಲೇ ಕಳ್ಳರ ಕೈಗೆ ಸಿಕ್ಕಿರಬಹುದು. ದುಡ್ಡು ಹೋಯಿತೆಂದರೆ ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಡಬೇಡ್ರಿ, ಆ ಕ್ಷಣವೇ 1930ಕ್ಕೆ ಫೋನು ಮಾಡ್ರಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ.

ಮಕ್ಕಳು ಹಾಳಾಗುತ್ತಾರೆ ಎನ್ನುವ ಹಿರಿಯರಿಗೆ ಒಂದು ವಿನಂತಿ. ನಿಮ್ಮ ಆತಂಕ ಸುಳ್ಳಲ್ಲ. ಆದರೆ ಹುಡುಗರು ರೀಲ್ಸ್ ನೋಡುವುದು ವೈಫೈ ಬರುವ ಮೊದಲೂ ನಡೆದೇ ಇದೆ. ನಿಂತಿರುವುದು ರೀಚಾರ್ಜಿಗೆ ದುಡ್ಡಿಲ್ಲದ ಹುಡುಗಿಯ ಓದು. ಅರಿವು ಕೇಂದ್ರದ ವೈಫೈಗೆ ಹೊತ್ತು ಗೊತ್ತು ಮಾಡೋಣ, ಬೇಡದ ತಾಣಗಳನ್ನು ಬಂದ್ ಮಾಡಿಸೋಣ, ಅದಕ್ಕೆ ಪೆಟ್ಟಿಗೆಯಲ್ಲೇ ಸೌಲಭ್ಯ ಇರುತ್ತದೆ.

ಗ್ರಾಮಸಭೆಯಲ್ಲಿ

ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ ನಡೆಯಲೇಬೇಕು ಎಂಬುದು ಕಾನೂನು. ಅದಕ್ಕೂ ಮೊದಲು ವಾರ್ಡ್ ಸಭೆ. ವಾರ್ಡ್ ಸಭೆಯಲ್ಲೇ ಈ ವಿಷಯ ಎತ್ತಿದರೆ ಗ್ರಾಮಸಭೆಯ ಪಟ್ಟಿಗೆ ಬರಲು ದಾರಿಯಾಗುತ್ತದೆ. ಒಬ್ಬಿಬ್ಬರು ಕೂಗಿದರೆ "ನೋಡೋಣ" ಎಂದು ಮುಂದೆ ಹಾಕುತ್ತಾರೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಐವತ್ತು ಮಂದಿ ಎದ್ದು ನಿಂತರೆ ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ವಿಶ್ವವಿದ್ಯಾಲಯದ ತಮ್ಮ-ತಂಗಿಯರೇ, ನಿಮಗೆ ಇಲ್ಲಿ ಮತ ಇಲ್ಲದಿರಬಹುದು. ಬಂದು ಕೂತು, ಹಿರಿಯರಿಗೆ ಆ್ಯಪ್ ಇಳಿಸಿ ತೋರಿಸಲು ಮತ ಬೇಕಿಲ್ಲ. ಸವಣೂರು, ಹಾನಗಲ್ಲ, ಹಿರೇಕೆರೂರ ಕಡೆಯ ಬಂಧುಗಳ ಕೈಗೆ ಈ ಕಾಗದ ಸಿಕ್ಕರೆ ಊರಿನ ಹೆಸರು ಬದಲಿಸಿ ನಕಲು ಮಾಡಿಕೊಳ್ಳಲಿ, ನಮ್ಮ ಅಡ್ಡಿ ಇಲ್ಲ.

ಕೆಳಗಿನದನ್ನು ಕತ್ತರಿಸಿ, ಖಾಲಿ ಬಿಟ್ಟಲ್ಲಿ ತುಂಬಿ, ಸಭೆಯಲ್ಲಿ ಗಟ್ಟಿಯಾಗಿ ಓದ್ರಿ. ಬರೆಸಿದ ಮೇಲೆ ನಡಾವಳಿಯ ಸಹಿ ಇರುವ ನಕಲು ತಪ್ಪದೆ ಪಡೆಯಿರಿ.

ಠರಾವಿನ ಕರಡು

ಗೊಟಗೋಡಿಯ ಸಾರ್ವಜನಿಕ ಸ್ಥಳಗಳಲ್ಲಿ ವೈಫೈ ಸೌಲಭ್ಯ ಒದಗಿಸುವ ವಿಷಯವನ್ನು ಈ ಸಭೆ ಚರ್ಚಿಸಿತು. ಭಾರತ್‌ನೆಟ್ ಸಂಪರ್ಕದ ಈಗಿನ ಸ್ಥಿತಿಯನ್ನು ಪಂಚಾಯತಿಯು ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಸಂಪರ್ಕ ನಿಂತಿದ್ದಲ್ಲಿ ದುರಸ್ತಿಗೆ ಕೂಡಲೇ ಪತ್ರ ಬರೆಯತಕ್ಕದ್ದು. ಗ್ರಂಥಾಲಯದಲ್ಲಿ ಓದುವ ಮಕ್ಕಳಿಗೆ ಉಚಿತ ವೈಫೈ ಕೊಟ್ಟು ಅದರ ವೆಚ್ಚವನ್ನು ಪಂಚಾಯತಿ ಭರಿಸತಕ್ಕದ್ದು. ಪಿಎಂ-ವಾಣಿ ವೈಫೈ ಅಂಗಡಿ ತೆರೆಯಲು ಮುಂದೆ ಬರುವ ಅಂಗಡಿಕಾರರಿಗೆ ಹಾಗೂ ಮಹಿಳಾ ಸಂಘಗಳಿಗೆ ಬೀದಿ ಕಂಬ, ಸಾರ್ವಜನಿಕ ಕಟ್ಟಡಗಳಲ್ಲಿ ಪೆಟ್ಟಿಗೆ ಅಳವಡಿಸಲು ಪಂಚಾಯತಿಯ ವತಿಯಿಂದ ಬೇಕಾದ ಅನುಮತಿ ಕೊಡಿಸತಕ್ಕದ್ದು. ಸ್ಥಳ ಆಯ್ಕೆಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರತಕ್ಕದ್ದು. ಮುಂದಿನ ಸಭೆಯಲ್ಲಿ ಪ್ರಗತಿಯ ವರದಿ ಮಂಡಿಸತಕ್ಕದ್ದು.

ಸೂಚಕರು: ____________________

ಅನುಮೋದಕರು: ____________________

ದಿನಾಂಕ: ____________________